ಕಾಲು ತೊಳೆಸಿಕೊಂಡ ಗಿಟಾರು ಪೆಟ್ಟಿಗೆ

ಈಗ ಕೆಲವು ದಿನಗಳಿಂದ ನನ್ನ ಮಂಚದ ಮೇಲೆ ನನಗೇ ಜಾಗವಿಲ್ಲ. ಗೋಡೆಗೆ ಒತ್ತಿಕೊಂಡು, ಕಾಲು ಮಡಿಸಿಕೊಂಡು ಮಲಗುತ್ತೇನೆ. ಮಿಕ್ಕ ಮಂಚವನ್ನೆಲ್ಲ ಹಿಡಿದು ಕೂತಿರುವುದು ನಮ್ಮ ಯಜಮಾನರ ಗಿಟಾರು ಪೆಟ್ಟಿಗೆ. ಗಿಟಾರು ಇಡುವ ಪೆಟ್ಟಿಗೆ ಅಂದುಕೊಳ್ಳಬೇಡಿ, ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಪೆಟ್ಟಿಗೆ. ಆಂಪ್ಲಿಫೈಯರ್ ಅನ್ನುತ್ತಾರೆ. ತವರೂರು ಮೇಲೂರಿನಲ್ಲಿ ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟ ನನ್ನ ನಾಲಿಗೆಗೆ ಆ ಹೆಸರು ಹತ್ತಬೇಕಾದರೆ ಮದುವೆಯಾಗಿ ಮಕ್ಕಳೆಲ್ಲ ಹುಟ್ಟಿ ಮುಗಿಯಬೇಕಾಯಿತು. ಮುಂದುಗಡೆ ಕಂದು ಬಟ್ಟೆ, ಹಿಂದುಗಡೆ ಬಯಲು, ಒಳಗೆ ಬದನೆಕಾಯಿಯಷ್ಟು ಗಾತ್ರದ ಗಾಜಿನ ವಾಲ್ವುಗಳು. ಅವು ಕಾದು ಕೆಂಪಗಾದರೆ ಮಾತ್ರ ಪೆಟ್ಟಿಗೆಗೆ ದನಿ ಬರುತ್ತದೆ.

ಅದನ್ನು ಅಟ್ಟದಿಂದ ಇಳಿಸಿದವಳು ನನ್ನ ಮೊಮ್ಮಗಳು ಲಿಖಿತ. ಚಿಕ್ಕಬಳ್ಳಾಪುರದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಾಳೆ. ರಜ ಬಿಟ್ಟ ದಿನವೇ ಬ್ಯಾಗು ಹೊತ್ತುಕೊಂಡು ಶಿಡ್ಲಘಟ್ಟದ ನಮ್ಮ ಮನೆಗೆ ಬಂದಳು. ಪೂರ್ತಿ ರಜ ಅಜ್ಜಿಯ ಜೊತೆಗೇ ಅಂದಳು. ನನಗಾದ ಸಂತೋಷವನ್ನು ಹೇಗೆ ಹೇಳಲಿ! ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಹೇಳಿದೆ. ಕೊತ್ತಂಬರಿ ಸೊಪ್ಪಿನವಳಿಗೆ ಎರಡು ಸಲ ಹೇಳಿದೆ, ಅವಳು ಪಾಪ ಎರಡು ಸಲವೂ ಹೊಸದಾಗಿ ಕೇಳಿದಂತೆ ತಲೆಯಾಡಿಸಿದಳು. ಒಬ್ಬಟ್ಟು ಮಾಡಿದೆ. ಮೊಮ್ಮಗಳು ಒಬ್ಬಟ್ಟು ತಿಂದಳು, ಕೈ ತೊಳೆದಳು, ತಾತನ ಸಾಮಾನು ನೋಡುತ್ತೇನೆಂದು ಅಟ್ಟ ಹತ್ತಿದಳು. ಇಳಿದು ಬರುವಾಗ ಕೂಸನ್ನು ಅವಚಿಕೊಂಡ ಹಾಗೆ ಈ ಪೆಟ್ಟಿಗೆ ಅವಳ ಎದೆಯ ಮೇಲಿತ್ತು. ಅವತ್ತಿನಿಂದ ನನ್ನ ಕಡೆ ಇರುವುದು ಅವಳ ಬೆನ್ನು ಮಾತ್ರ.

ಆ ಬೆನ್ನು ನನಗೆ ಹೊಸದಲ್ಲ. ಪೆಟ್ಟಿಗೆಯ ಮೇಲೆ ಅದೇ ರೀತಿ ಬಗ್ಗಿದ ಬೆನ್ನನ್ನು ನಾನು ಆಯುಷ್ಯವೆಲ್ಲ ನೋಡಿದ್ದೇನೆ. ಊಟಕ್ಕೆ ಬಾರಮ್ಮ ಅಂದರೆ ತಿರುಗದೆ ಹ್ಞೂಂ ಅನ್ನುತ್ತಾಳೆ. ಆ ಹ್ಞೂಂ ಕೂಡ ಅವಳ ತಾತನದೇ. ಗಂಡನನ್ನು ಕಿತ್ತುಕೊಂಡಿತು ಸರಿ, ಮೊಮ್ಮಗಳನ್ನೂ ಕಿತ್ತುಕೊಳ್ಳಬೇಕೇ, ನೀವೇ ಹೇಳಿ. ಸಂಕಟ ತಡೆಯಲಾರದೆ ಮೊನ್ನೆ ಒಂದು ಬೆರಳು ಚಾಚಿದೆ.

"ಅಜ್ಜಿ, ಮುಟ್ಬೇಡ. ಪ್ಲಗ್ ಕಿತ್ತಾಕಿದ್ರೂ ಒಳಗೆ ಕರೆಂಟು ಹಾಗೇ ಉಳ್ಕೊಂಡಿರುತ್ತೆ" ಅಂದಳು.

ಬೆರಳು ಹಿಂದಕ್ಕೆ ತೆಗೆದುಕೊಂಡೆ. ಯಜಮಾನರು ಹೋಗಿ ಇಷ್ಟು ವರ್ಷವಾದ ಮೇಲೂ ನನ್ನ ಹೊಟ್ಟೆಕಿಚ್ಚು ಒಳಗೆ ಹಾಗೇ ಉಳಿದುಕೊಂಡಿದೆಯಲ್ಲ, ಅಂಥದ್ದೇ ಏನೋ ಇರಬೇಕು ಅಂದುಕೊಂಡೆ.

ಹೊಟ್ಟೆಕಿಚ್ಚು ಅಂದರೆ ನನಗೆ ನಾಚಿಕೆಯಿಲ್ಲ. ಕೆಲವರಿಗೆ ಹಾಡು ಬರುತ್ತದೆ, ಕೆಲವರಿಗೆ ರಂಗೋಲಿ, ನನಗೆ ಇದು. ಹುಟ್ಟಿದ್ದು ಹುಳ ಸಾಕುವ ಮನೆಯಲ್ಲಿ. ರೇಷ್ಮೆಹುಳ ಕಟ್ಟಿದ ಮನೆಯಲ್ಲಿ ಮಕ್ಕಳ ಸರದಿ ಯಾವಾಗಲೂ ಎರಡನೆಯದು. ನಮ್ಮಮ್ಮ ಬೆಳಗ್ಗೆ ಎದ್ದರೆ ಮೊದಲು ಹುಳಕ್ಕೆ ಸೊಪ್ಪು, ಆಮೇಲೆ ನಮಗೆ ಮುದ್ದೆ. ಹುಳ ಜ್ವರಕ್ಕೆ ಕೂತರೆ, ಅಂದರೆ ಪೊರೆ ಬಿಡಲು ಸೊಪ್ಪು ತಿನ್ನದೆ ತಲೆಯೆತ್ತಿ ಮಲಗಿದರೆ, ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವಂತಿಲ್ಲ. ನನಗೆ ಜ್ವರ ಬಂದಾಗ ಮಾತ್ರ ಎಲ್ಲರೂ ಜೋರಾಗಿಯೇ ಮಾತಾಡುತ್ತಿದ್ದರು. ಒಮ್ಮೆ ನಾನು ಖಾಲಿ ತಟ್ಟೆಯೊಂದರಲ್ಲಿ ಸೊಪ್ಪು ಹಾಸಿಕೊಂಡು ಹುಳದ ಹಾಗೆ ತಲೆಯೆತ್ತಿ ಮಲಗಿದ್ದೆನಂತೆ. ಅಮ್ಮ ಸೊಪ್ಪು ಹಾಳಾಯಿತೆಂದು ಬೈದಳೇ ಹೊರತು ಮುದ್ದು ಮಾಡಲಿಲ್ಲ.

ಹೀಗೆ ತಯಾರಾಗಿ ಬಂದವಳು ನಾನು. ಶಿಡ್ಲಘಟ್ಟಕ್ಕೆ ಸೊಸೆಯಾಗಿ ಬಂದಾಗ ಇಲ್ಲೂ ಹುಳದ ಮನೆ, ಇಲ್ಲೂ ಹಿಪ್ಪುನೇರಳೆ ತೋಟ. ಒಂದೇ ವ್ಯತ್ಯಾಸವೆಂದರೆ ಯಜಮಾನರು. ಅವರ ಹೆಸರು ಬರೆಯುವುದಿಲ್ಲ, ಬಾಯಲ್ಲಿ ಹೇಳದ್ದನ್ನು ಕೈಯಲ್ಲಿ ಬರೆಯಲು ನನಗೆ ಬರುವುದಿಲ್ಲ. ರೇಷ್ಮೆ ನೂಲು ಕೊಡಲು ಬೆಂಗಳೂರಿಗೆ ಹೋಗಿ ಬರುತ್ತಿದ್ದವರು, ಅಲ್ಲಿ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಯಾರೋ ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ತಂತಿಯ ಮೇಲೆ ಕಬ್ಬಿಣದ ತುಂಡು ಜಾರಿಸಿ ನುಡಿಸುವುದನ್ನು ನೋಡಿದರು. ಅವತ್ತೇ ಮನಸ್ಸು ಕೊಟ್ಟರು. ಕಲಿತರು. ಚಿಂತಾಮಣಿಯ ಒಂದು ಆರ್ಕೆಸ್ಟ್ರಾದವರು ಮದುವೆಗಳಿಗೆ ಕರೆದುಕೊಂಡು ಹೋಗತೊಡಗಿದರು. ಆಮೇಲೆ ಒಂದು ದಿನ ಈ ಪೆಟ್ಟಿಗೆ ಬಂತು.

ಬಂದ ರೀತಿ ಕೇಳಿ. ಮಳೆಗಾಲ. ನನಗೊಂದು ಛತ್ರಿ ತನ್ನಿ ಅಂತ ಹೇಳಿ ಕಳಿಸಿದ್ದೆ. ಛತ್ರಿ ತಂದರು, ಇಲ್ಲವೆನ್ನುವುದಿಲ್ಲ. ಅದನ್ನು ಪೆಟ್ಟಿಗೆಯ ಮೇಲೆ ಬಿಚ್ಚಿ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನಿಂದ ತಾವು ತೊಯ್ದು ತೊಪ್ಪೆಯಾಗಿ ನಡೆದು ಬಂದರು. ನನ್ನ ಹೊಸ ಛತ್ರಿಯ ಕೆಳಗೆ ಮೊದಲು ನಿಂತದ್ದು ಅದು. ನಮ್ಮತ್ತೆ ಬಾಗಿಲಲ್ಲಿ ನಿಂತು ನೋಡಿ, ಹೊಸ ಸೊಸೆ ಬಂದಳು ಆರತಿ ತರಲಾ ಅಂತ ತೆಲುಗಿನಲ್ಲಿ ಹಾಸ್ಯ ಮಾಡಿದರು. ಅವರ ತವರು ಆಂಧ್ರದ ಗಡಿ, ಸಿಟ್ಟಿಗೂ ನಗುವಿಗೂ ಅವರಿಗೆ ತೆಲುಗೇ ಆಗಬೇಕು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ನನ್ನ ಕೈ ಪೆಟ್ಟಿಗೆಗೆ ತಾಗುವಂತಿರಲಿಲ್ಲ. ಹೆಂಗಸರ ಕೈ ಯಾವಾಗ ಒಣಗಿರುತ್ತದೆ? ಪಾತ್ರೆ, ಬಟ್ಟೆ, ಸಗಣಿ, ಸೊಪ್ಪು. ಹತ್ತಿರ ಹೋದರೆ ಸಾಕು, ಒದ್ದೆ ಕೈ ದೂರ ಇಡು ಅನ್ನುವರು. ಸ್ವಿಚ್ಚು ಹಾಕಿದ ಮೇಲೆ ಅದು ನಿಧಾನವಾಗಿ ಕಾಯಬೇಕು. ಇವರು ಅವಸರ ಮಾಡದೆ, ಚೆನ್ನಾಗಿ ಬಿಸಿಯಾಗಲಿ ಅಂತ ಅದರ ಮುಂದೆ ಕೈ ಕಟ್ಟಿಕೊಂಡು ಕೂರುವರು. ಅತ್ತ ಅಡಿಗೆಮನೆಯಲ್ಲಿ ನಾನು ಬಿಸಿ ಮಾಡಿಟ್ಟ ಸಾರು ಆರುತ್ತಿರುವುದು. ಒಂದು ಬಿಸಿಯಾಗಲು ಕಾಯುವ ಮನುಷ್ಯನಿಗೆ ಇನ್ನೊಂದು ಆರುವುದು ಕಾಣಬಾರದೇ? ಇದನ್ನೆಲ್ಲ ನಾನು ಮನಸ್ಸಿನಲ್ಲಿ ಇಟ್ಟುಕೊಂಡವಳಲ್ಲ. ಬಾವಿಕಟ್ಟೆಯಲ್ಲಿ, ಸೊಪ್ಪಿನ ತೋಟದಲ್ಲಿ, ಸಿಕ್ಕಿದವರಿಗೆಲ್ಲ ಹೇಳಿದ್ದೆ. ಈ ಪೆಟ್ಟಿಗೆಯನ್ನು ಕಂಡರೆ ನನಗಾಗದು ಅನ್ನುವುದು ಇಡೀ ಪೇಟೆಗೆ ಗೊತ್ತಿತ್ತು. ಅದೇ ಮುಂದೆ ನನ್ನ ಕುತ್ತಿಗೆಗೆ ಬಂತು.

ಎಲ್ಲಿಂದ ಎಲ್ಲಿಗೋ ಹೋದೆ. ಲಿಖಿತಳ ಕೆಲಸ ಹೇಳುತ್ತಿದ್ದೆ. ಅವಳು ಪೆಟ್ಟಿಗೆಯನ್ನು ನೇರವಾಗಿ ಕರೆಂಟಿಗೆ ಕೊಡಲಿಲ್ಲ. ನಡುವೆ ಒಂದು ಬಲ್ಬು ಕಟ್ಟಿ ಕೊಟ್ಟಳು. ಬಲ್ಬು ಭಗ್ಗನೆ ಉರಿಯಿತು. ನಾನು ಸಂತೋಷದಿಂದ ಚಪ್ಪಾಳೆ ತಟ್ಟಿಬಿಟ್ಟೆ. ಹಾಗೆ ಜೋರಾಗಿ ಉರಿದರೆ ಒಳಗೇನೋ ಕೆಟ್ಟಿದೆ ಅಂತ ಅರ್ಥವಂತೆ, ಮಂಕಾಗಿ ಉರಿದರೆ ಆರೋಗ್ಯವಂತೆ. ಚಪ್ಪಾಳೆಯನ್ನು ಅರ್ಧಕ್ಕೇ ನಿಲ್ಲಿಸಿದೆ. ಅವಳು ಒಂದೊಂದೇ ವಾಲ್ವು ಕಿತ್ತು ನೋಡಿದಳು, ಉಬ್ಬಿಹೋಗಿದ್ದ ಹಳೆಯ ಕೆಪಾಸಿಟರ್‌ಗಳನ್ನು ತೆಗೆದು ಹೊಸವನ್ನು ಬೆಸೆದಳು, ವಾಲ್ವಿನ ಕಾಲುಗಳು ಕೂರುವ ತೂತುಗಳನ್ನು ಬ್ರಷ್ಷಿನಿಂದ ತಿಕ್ಕಿದಳು. ತಿಕ್ಕುವಾಗ ಮೂಲೆಯಲ್ಲಿ ಏನೋ ಸಿಕ್ಕಿಕೊಂಡಿತು.

"ಅಜ್ಜಿ, ಇಲ್ಲೊಂದು ಜೇಡರ ಬಲೆ ಇದೆ ಕಣೇ. ಎಷ್ಟು ಎಳೆದ್ರೂ ಕಿತ್ಕೊಂಡು ಬರ್ತಿಲ್ಲ."

ಚಿಮುಟದ ತುದಿಯಲ್ಲಿ ಸಣ್ಣ ಎಳೆಯೊಂದು ಮಿಂಚುತ್ತಿತ್ತು. ನೋಡಿದ ಕೂಡಲೇ ನನಗೆ ನಗು ಬಂತು, ಜೊತೆಗೇ ಕಣ್ಣಲ್ಲಿ ನೀರೂ ಬಂತು. ಜೇಡ ಅಲ್ಲಮ್ಮ, ಅದು ನಮ್ಮ ಮನೆಯ ರೇಷ್ಮೆ ಅಂದೆ. ಆಗ ತಿರುಗಿದಳು ನೋಡಿ ನನ್ನ ಕಡೆ. ಬಂದ ಮೇಲೆ ಮೊದಲ ಸಲ ಚಿಮುಟ ಕೆಳಗಿಟ್ಟು, ಅದು ಹೇಗೆ ಅಂತ ಕೇಳಿದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಪೆಟ್ಟಿಗೆ ಬಂದ ವರ್ಷದ ನಂತರದ ಮಳೆಗಾಲ. ಗೋಡೆಗಳೆಲ್ಲ ತೇವ ಹೀರಿಕೊಂಡಿದ್ದವು. ಪೆಟ್ಟಿಗೆ ಚರಪರ ಅನ್ನತೊಡಗಿತು, ಥಂಡಿ ಹಿಡಿದಿದೆ ಅಂದರು ಯಜಮಾನರು. ಮನೆಯಲ್ಲಿ ಬೆಚ್ಚಗಿದ್ದ ಜಾಗ ಒಂದೇ, ಹುಳದ ಕೋಣೆ. ಅಲ್ಲಿ ಮೂಲೆಯಲ್ಲಿ ಇದ್ದಲಿನ ಕೆಂಡ ಸದಾ ಇರುತ್ತಿತ್ತು. ಪೆಟ್ಟಿಗೆಯನ್ನು ಎತ್ತಿಕೊಂಡು ಅತ್ತ ಹೊರಟರು.

ನಾನು ಬಾಗಿಲಿಗೆ ಅಡ್ಡ ನಿಂತೆ. ಹುಳದ ಕೋಣೆಗೆ ಯಾರೇ ಆಗಲಿ ಕಾಲು ತೊಳೆಯದೆ ಹೋಗುವಂತಿಲ್ಲ. ನನ್ನನ್ನು ನೋಡಲು ಮೇಲೂರಿನಿಂದ ಬಂದ ನನ್ನ ಹೆತ್ತ ತಾಯಿಯೇ ಕಾಲು ತೊಳೆದು ಒಳಗೆ ಬಂದಿದ್ದಳು. ಬೆಂಗಳೂರಿನ ದಂಡಿನಲ್ಲಿ ಯಾರ ಯಾರ ಮನೆಯಲ್ಲೋ ಇದ್ದು ಬಂದ ಇದಕ್ಕೆ ಆ ಕಟ್ಟುಪಾಡು ಇಲ್ಲವೇ?

"ಯಾರಾದ್ರೂ ಸರಿ, ಕಾಲು ತೊಳ್ಕೊಂಡೇ ಒಳಗೆ ಬರ್ಬೇಕು" ಅಂದೆ.

ಅವರು ನನ್ನ ಮುಖ ನೋಡಿದರು, ಪೆಟ್ಟಿಗೆಯನ್ನು ನೋಡಿದರು. ಅದರ ಅಡಿಯಲ್ಲಿ ರಬ್ಬರಿನ ನಾಲ್ಕು ಗುಂಡು ಕಾಲುಗಳಿದ್ದವು. ಪಾಪದ ಮನುಷ್ಯ, ಪೆಟ್ಟಿಗೆಯನ್ನು ಎತ್ತಿ ಹಿಡಿದುಕೊಂಡು ನಿಂತರು. ನಾನು ಚೊಂಬಿನಲ್ಲಿ ನೀರು ತಂದು ಆ ನಾಲ್ಕು ಕಾಲುಗಳಿಗೂ ಎರಚಿದೆ. ಹೊಟ್ಟೆಕಿಚ್ಚು ಇದ್ದದ್ದು ನಿಜ, ಆದರೆ ಕೈ ಹದವಾಗಿತ್ತು. ಕಾಲಿನ ಮೇಲಕ್ಕೆ ಒಂದು ಹನಿ ಹಾರಲಿಲ್ಲ. ಅವರೇ ಪಂಚೆಯ ಅಂಚಿನಿಂದ ಒರೆಸಿ ಒಳಗೆ ಕೊಂಡುಹೋದರು. ನಡುಮನೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ನಮ್ಮತ್ತೆ ಕಂಡದ್ದು ಇಷ್ಟೇ, ಸೊಸೆ ಚೊಂಬು ಹಿಡಿದು ಪೆಟ್ಟಿಗೆಗೆ ನೀರು ಎರಚಿದಳು.

ಅದೇ ಹೊತ್ತಿಗೆ ಹುಳ ಹಣ್ಣಾದವು. ಹಣ್ಣಾಗುವುದೆಂದರೆ ಮೈ ಅರಿಸಿನ ಬಣ್ಣಕ್ಕೆ ತಿರುಗಿ, ಸೊಪ್ಪು ಬಿಟ್ಟು, ಗೂಡು ಕಟ್ಟಲು ಮೂಲೆ ಹುಡುಕುವುದು. ಆಗ ಮನೆಮಂದಿಗೆಲ್ಲ ತಿನ್ನಲೂ ಪುರಸೊತ್ತಿಲ್ಲ. ಹಣ್ಣುಹುಳ ಆರಿಸಿ ಆರಿಸಿ ಚಂದ್ರಿಕೆಗೆ, ಅಂದರೆ ಬಿದಿರಿನ ಸುರುಳಿ ಹೆಣೆದ ದೊಡ್ಡ ತಟ್ಟೆಗೆ ಬಿಡಬೇಕು. ಗಿಟಾರು ಗೋಡೆಯಲ್ಲಿ ತೂಗುತ್ತಿತ್ತು. ಗೂಡು ಬಿಡಿಸಿ ಮಾರಿ ಬಂದ ಮೇಲೆಯೇ ಯಜಮಾನರಿಗೆ ಪೆಟ್ಟಿಗೆಯ ನೆನಪಾದದ್ದು. ಗೌರಿಬಿದನೂರಿನಲ್ಲಿ ಒಂದು ದೊಡ್ಡ ಮದುವೆ ಒಪ್ಪಿಕೊಂಡಿದ್ದರು. ಹೊರಗೆ ತಂದು ಸ್ವಿಚ್ಚು ಹಾಕಿದರು. ಗುಂಯ್ ಅಂದಿತು. ಗುಂಯ್ ದೊಡ್ಡದಾಯಿತು. ಚಟ್ ಅಂದು ಸುಮ್ಮನಾಯಿತು. ಸುಟ್ಟ ವಾಸನೆ.

ಅವರು ಕೂತಲ್ಲೇ ಕೂತರು. ಅತ್ತೆ ಎದ್ದು ನನ್ನ ಮುಂದೆ ಬಂದು ನಿಂತರು.

"ಏಮ್ಮಾ, ನೀಳ್ಳು ಪೋಸಿಂದಿ ನುವ್ವೇ ಕದಾ?"

ನೀರು ಹುಯ್ದವಳು ನೀನೇ ತಾನೇ ಅಂತ. ನಾನು ಕಾಲಿಗೆ ಮಾತ್ರ ಅಂದೆ. ಕಾಲಿಗೆ ಅಂದದ್ದು ಕೇಳಿ ಅವರಿಗೆ ಇನ್ನೂ ಸಿಟ್ಟು ಬಂತು, ಮರದ ಪೆಟ್ಟಿಗೆಗೆ ಎಲ್ಲಿಯ ಕಾಲು ಅಂತ. ಹೊಟ್ಟೆಕಿಚ್ಚಿಗೆ ಗಂಡನ ಸಾಮಾನು ಹಾಳು ಮಾಡಿದೆ, ಮೇಲೂರಿಗೆ ಹೇಳಿಕಳಿಸುತ್ತೇನೆ, ನಿಮ್ಮಪ್ಪ ಬಂದು ಕರೆದುಕೊಂಡು ಹೋಗಲಿ ಅಂದರು. ಬಾವಿಕಟ್ಟೆಯವರನ್ನು ಕೇಳಿದ್ದರೆ ಅವರೂ ಅದನ್ನೇ ಹೇಳುತ್ತಿದ್ದರು. ನಾನೇ ಊರೆಲ್ಲ ಸಾಕ್ಷಿ ಹಂಚಿಕೊಂಡು ಬಂದಿದ್ದೆನಲ್ಲ.

ಅತ್ತೆಯ ಮಾತು ನನಗೆ ನಾಟಲಿಲ್ಲ. ನಾಟಿದ್ದು ಇವರ ಮೌನ. ಬಹಳ ಹೊತ್ತಾದ ಮೇಲೆ, ಪೆಟ್ಟಿಗೆಯನ್ನೇ ನೋಡುತ್ತ, "ಆಮೇಲೆ ಇನ್ನೊಂದ್ಸಲ ಏನಾದ್ರೂ ನೀರು ಹಾಕಿದ್ಯಾ" ಅಂತ ಕೇಳಿದರು.

"ನಂಗೆ ಬೇಡ ಅನ್ಸಿದ್ರೆ ನಿಮ್ಮೆದುರಿಗೇ ಬೀದಿಗೆ ಎಸೀತಿದ್ದೆ. ಕದ್ದು ಮಾಡೋದು ನಮ್ಮನೇಲಿ ಕಲಿಸಿಲ್ಲ" ಅಂದೆ. ಅಂದವಳು ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ಕೂತೆ. ಹಚ್ಚದ ಒಲೆಯ ಮುಂದೆ.

ಮಾರನೆಯ ದಿನ ಚಿಂತಾಮಣಿಯಿಂದ ಬಾಷಾ ಸಾಬರು ಬಂದರು. ರೇಡಿಯೋ ರಿಪೇರಿಯವರು, ಇವರ ಸ್ನೇಹಿತರು. ಪೆಟ್ಟಿಗೆಯನ್ನು ಜಗಲಿಯ ಮೇಲೆ ಬೋರಲು ಹಾಕಿ ಬಿಚ್ಚಿದರು. ಅವರದೊಂದು ಪದ್ಧತಿ, ಒಳಗೆ ಕೈ ಹಾಕುವಾಗ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುವುದು. ಎರಡು ಕೈ ಹಾಕಿದರೆ ಕರೆಂಟು ಎದೆಯ ಮೇಲೆ ಹಾದುಹೋಗುತ್ತದಂತೆ. ಪೆನ್ಸಿಲ್ಲಿನಿಂದ ಒಂದೊಂದು ವಾಲ್ವನ್ನೂ ಮೆಲ್ಲಗೆ ತಟ್ಟಿದರು, ಮಗುವಿನ ಬೆನ್ನು ತಟ್ಟಿದ ಹಾಗೆ. ನಾನು ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದೆ. ಇದು ಗುಣವಾಗದಿದ್ದರೆ ನಾನು ತಪ್ಪಿತಸ್ಥೆಯಾಗಿಯೇ ಉಳಿಯುತ್ತೇನೆ. ಯಾವ ಪೆಟ್ಟಿಗೆ ಒಡೆದುಹೋಗಲಿ ಅಂತ ಶಾಪ ಹಾಕಿದ್ದೆನೋ ಅದೇ ಪೆಟ್ಟಿಗೆ ಮತ್ತೆ ಹಾಡಲಪ್ಪ ಅಂತ ದೇವರಿಗೆ ಕೈ ಮುಗಿಯುವ ಗತಿ ಬಂತು ನನಗೆ. ಅದಕ್ಕಿಂತ ದೊಡ್ಡ ಅವಮಾನ ಹೆಂಗಸಿಗೆ ಉಂಟೇ?

ಸಾಬರು ತಲೆಯೆತ್ತಿ, ವಾಲ್ವೆಲ್ಲ ಚೆನ್ನಾಗಿವೆ, ದೊಡ್ಡ ವಾಲ್ವಿನ ಬುಡದಲ್ಲಿ ಏನೋ ಬಿದ್ದು ಕಟ್ಟಿಕೊಂಡಿದೆ, ಕರೆಂಟು ದಾರಿ ತಪ್ಪಿದೆ ಅಂದರು. ಬಿದ್ದಿದೆ ಅಂದ ಕೂಡಲೇ ಅತ್ತೆ ನನ್ನ ಕಡೆ ತಿರುಗಿದರು. ಆದರೆ ಸಾಬರು ಇನ್ನೂ ಮುಗಿಸಿರಲಿಲ್ಲ. ನೀರಾದರೆ ಒಣಗಿ ಹೋಗುತ್ತದೆ, ಇದು ಹಳದಿಯಾಗಿ ಹೆಪ್ಪುಗಟ್ಟಿದೆ, ಏನೂಂತ ಗೊತ್ತಾಗುತ್ತಿಲ್ಲ ಅಂದರು.

ಹಳದಿ ಅಂದದ್ದೇ ತಡ, ನಾನು ಯಾರನ್ನೂ ಕೇಳದೆ ಜಗಲಿಗೆ ಬಂದು ಪೆಟ್ಟಿಗೆಯೊಳಕ್ಕೆ ಮೂಗು ತೂರಿಸಿದೆ. ಸುಟ್ಟ ವಾಸನೆಯ ಹಿಂದೆ ಇನ್ನೊಂದು ವಾಸನೆ ಇತ್ತು. ಅದನ್ನು ಮೂಸುತ್ತಲೇ ಬೆಳೆದವಳು ನಾನು. ಹಣ್ಣುಹುಳ ಗೂಡು ಕಟ್ಟುವ ಮುಂಚೆ ಒಂದು ಸಲ ಉಚ್ಚೆ ಹೊಯ್ದು ಮೈ ಹಗುರ ಮಾಡಿಕೊಳ್ಳುತ್ತದೆ. ಹುಳದ ಮನೆಯಲ್ಲಿ ಹುಟ್ಟಿದ ಯಾರನ್ನಾದರೂ ಕೇಳಿ, ಆ ವಾಸನೆ ಮರೆಯುವಂಥದ್ದಲ್ಲ.

"ಕಡೇ ಮೂಲೇಲಿ ನೋಡಿ ಸಾಬ್ರೇ. ಗೂಡಿರ್ಬೇಕು" ಅಂದೆ.

ಸಾಬರು ಬೆಳಕು ಹಿಡಿದರು. ತಂತಿ ಸುತ್ತಿದ ಕಬ್ಬಿಣದ ಗಟ್ಟಿಗೂ ಮರದ ಗೋಡೆಗೂ ನಡುವೆ, ಬೆಚ್ಚನೆಯ ಕತ್ತಲಲ್ಲಿ, ಹೊಂಬಣ್ಣದ ಗೂಡೊಂದು ನೇತಾಡುತ್ತಿತ್ತು. ಅದೂ ಜೋಡಿ ಗೂಡು, ಎರಡು ಹುಳ ಸೇರಿ ಒಂದೇ ಮನೆ ಕಟ್ಟಿಕೊಂಡದ್ದು. ಅಂಥ ಗೂಡಿನ ನೂಲು ಸಿಕ್ಕುಸಿಕ್ಕು, ನೂಲು ತೆಗೆಯುವ ಬಿಚ್ಚಣಿಕೆಯವರು ಮುಟ್ಟುವುದಿಲ್ಲ. ಕೆಂಡದ ಕಾವಿಗೆ ಪೆಟ್ಟಿಗೆ ಚಂದ್ರಿಕೆಗಿಂತ ಒಳ್ಳೆಯ ಜಾಗ ಅನ್ನಿಸಿರಬೇಕು ಅವಕ್ಕೆ.

ಅತ್ತೆ ಗೂಡನ್ನು ಅಂಗೈಯಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದರು. ಒಳಗೆ ಹೋಗಿ, ಅಪರೂಪಕ್ಕೆ, ತಾವೇ ಒಲೆ ಹಚ್ಚಿ ಎಲ್ಲರಿಗೂ ಕಾಫಿ ಮಾಡಿದರು. ನನ್ನ ಲೋಟಕ್ಕೆ ಬೆಲ್ಲ ಜಾಸ್ತಿ ಬಿದ್ದಿತ್ತು.

ಸಾಬರು ಆ ಹಳದಿಯನ್ನು ಸ್ಪಿರಿಟ್ಟಿನಿಂದ ಒರೆಸಿ ಕೆರೆದರು, ಸುಟ್ಟಿದ್ದ ತುಂಡೊಂದನ್ನು ಬದಲಿಸಿದರು. ಎಳೆಗಳು ಮಾತ್ರ ಪೂರ್ತಿ ಬರಲಿಲ್ಲ, ಇದ್ದರೆ ತೊಂದರೆಯಿಲ್ಲ ಅಂದರು. ಎಲ್ಲ ಮುಚ್ಚಿದ ಮೇಲೆ ಯಜಮಾನರು ಸ್ವಿಚ್ಚಿನ ಹತ್ತಿರ ಕೈ ಒಯ್ದವರು ನಿಲ್ಲಿಸಿದರು. ನನ್ನ ಕಡೆ ನೋಡಿದರು. ಸಾಬರೆದುರು ಅವರಿಗೆ ನಾಚಿಕೆ.

"ಕೈ ಒರೆಸ್ಕೊಂಡು ಬಾ. ನೀನೇ ಹಾಕು."

ಸೆರಗಿನಲ್ಲಿ ಬೆರಳು ಬೆರಳನ್ನೂ ಒರೆಸಿಕೊಂಡು ಹಾಕಿದೆ. ಟಕ್ ಅಂತು, ಅಷ್ಟೇ. ನಾನು ಹೆದರಿ ಮುಖ ನೋಡಿದೆ. ತಡಿ, ಕಾಯಬೇಕು, ಕೂತ್ಕೋ ಅಂದರು. ಮದುವೆಯಾದ ಮೇಲೆ ಹಗಲು ಹೊತ್ತಿನಲ್ಲಿ ಅವರ ಪಕ್ಕದಲ್ಲಿ ಕೈಯಲ್ಲಿ ಕೆಲಸವಿಲ್ಲದೆ ನಾನು ಕೂತದ್ದು ಅದೇ ಮೊದಲು. ಒಂದು ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಸಿ ಕೊಡುವಷ್ಟು ಹೊತ್ತು. ವಾಲ್ವುಗಳು ಮೊದಲು ಮಂಕಾಗಿ, ಆಮೇಲೆ ಮಾಗಿದ ನೇರಳೆಯ ಹಾಗೆ, ಆಮೇಲೆ ಕೆಂಡದ ಹಾಗೆ. ಆ ಹೊತ್ತಿನಲ್ಲಿ ಅವರು, ನನ್ನ ಕಡೆ ತಿರುಗದೆ, ಊಟ ಮಾಡಿದ್ಯಾ ಅಂತ ಕೇಳಿದರು. ನಿನ್ನೆಯಿಂದ ಮಾಡಿಲ್ಲ ಅಂದೆ. ನಾನೂ ಮಾಡಿಲ್ಲ ಅಂದರು.

ಗೌರಿಬಿದನೂರಿನ ಮದುವೆ ಚೆನ್ನಾಗಿ ಆಯಿತಂತೆ. ನಾನು ಹೋಗಿರಲಿಲ್ಲ, ಹೊಸ ಹುಳದ ಮರಿ ಬಂದಿದ್ದವು. ಅವತ್ತಿನಿಂದ ಸ್ವಿಚ್ಚು ಹಾಕುವ ಕೆಲಸ ನನ್ನದಾಯಿತು. ನನ್ನ ಹೊಟ್ಟೆಕಿಚ್ಚೇನೂ ಹೋಗಲಿಲ್ಲ, ತಂತಿ ಮಿಡಿದ ಮೇಲೆ ಅವರು ಅದರ ಪಾಲೇ. ಮಿಡಿಯುವ ಮುಂಚಿನ ಆ ಎಲೆಯಡಿಕೆಯಷ್ಟು ಹೊತ್ತು ಮಾತ್ರ ನನ್ನದು. ದೊಡ್ಡ ಮಗನಿಗೆ ಏನು ಹೆಸರಿಡುವುದು ಅಂತ ನಿಶ್ಚಯವಾದದ್ದು ಆಗಲೇ. ನನ್ನ ತಂಗಿಗೆ ಕೆಂಚಾರ್ಲಹಳ್ಳಿಯ ಗಂಡು ಬೇಡ ಅಂತ ಅವರಿಗೆ ಒಪ್ಪಿಸಿದ್ದೂ ಆಗಲೇ. ಹೇಳಬೇಕಾದದ್ದನ್ನು ಬೆಳಗಿನಿಂದ ಕೂಡಿಟ್ಟುಕೊಂಡು, ಟಕ್ ಅನ್ನಿಸಿ, ಸರಸರ ಹೇಳಿಬಿಡುವುದು.

ಇದನ್ನು ಕೇಳಿದ ಲಿಖಿತ ಮತ್ತೆ ಪೆಟ್ಟಿಗೆಯ ಮೇಲೆ ಬಗ್ಗಿದಳು. ರೇಷ್ಮೆಯ ಎಳೆಯನ್ನು ಬ್ರಷ್ಷಿನಿಂದ ಮೆಲ್ಲಗೆ ಒತ್ತಿ ಮೂಲೆಗೇ ಸೇರಿಸಿದಳು. ಮತ್ತೆ ಬಲ್ಬು ಕಟ್ಟಿ ನೋಡಿದಳು. ಬಲ್ಬು ಮಂಕಾಗಿ ಉರಿಯಿತು. ಈ ಸಲ ನಾನು ತಿಳಿದು ಚಪ್ಪಾಳೆ ತಟ್ಟಿದೆ. ಬಲ್ಬು ಬಿಚ್ಚಿ, ನೇರ ಕರೆಂಟು ಕೊಟ್ಟು, ತಾತನ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಕೈ ಒರೆಸ್ಕೋ ಅಜ್ಜಿ. ನೀನೇ ಹಾಕು" ಅಂದಳು.

ನನ್ನ ಕೈ ಈಗ ಯಾವಾಗಲೂ ಒಣಗಿಯೇ ಇರುತ್ತದೆ. ಆದರೂ ಸೆರಗಿನಲ್ಲಿ ಒರೆಸಿಕೊಂಡೆ. ಟಕ್ ಅನ್ನಿಸಿದೆ. ಅವಳು ಮಂಚದ ಮೇಲೆ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಕೂತೆ. ಅವಳ ತಲೆ ನನ್ನ ಭುಜಕ್ಕೆ ಬಂತು. ಅಜ್ಜಿ, ತಾತ ಮೊದಲ ಸಲ ನಿನ್ನ ನೋಡೋಕೆ ಬಂದಾಗ ಏನ್ ಕೇಳಿದ್ರು ಅಂದಳು. ಹೇಳಲು ಬಾಯಿ ತೆರೆದೆ. ಎಷ್ಟೊಂದು ಇದೆ ಹೇಳುವುದು. ಅಷ್ಟರಲ್ಲಿ ಮೊದಲನೆಯ ವಾಲ್ವಿನ ಬುಡ ಮಾಗಿದ ನೇರಳೆಯ ಬಣ್ಣಕ್ಕೆ ಬಂದಿತ್ತು.

ಇಷ್ಟು ವರ್ಷದ ಮೇಲೆ ಮೊದಲ ಸಲ ಆ ಪೆಟ್ಟಿಗೆಯನ್ನು ಬೇಡಿಕೊಂಡೆ, ಸ್ವಲ್ಪ ನಿಧಾನವಾಗಿ ಬಿಸಿಯಾಗೇ ನಮ್ಮಮ್ಮ ಅಂತ.